ಸಹಿ ಹಾಕಿದವರ ಪಟ್ಟಿ ಯಾರ ಕೈಯಲ್ಲಿ? ಸಣ್ಣ ಸಂಸ್ಥೆಗಳಿಗೆ ಸಿಗುವ ಅಭಿಯಾನದ ಟೂಲ್‌ಗಳ ಬಗ್ಗೆ

ಮನವಿಗೆ ಸಹಿ ಹಾಕಿಸುವ, ಬೆಂಬಲಿಗರಿಗೆ ಮೇಲ್ ಕಳಿಸುವ, ಅಧಿಕಾರಿಗಳಿಗೆ ಪತ್ರ ಬರೆಸುವ ಆನ್‌ಲೈನ್ ಟೂಲ್‌ಗಳಿಗೆ ಈಗ ಬರವಿಲ್ಲ. ಎಲ್ಲದರ ಮುಖಪುಟದಲ್ಲೂ ನಗುತ್ತಿರುವ ಜನ, ಎಲ್ಲದರಲ್ಲೂ ‘ಲಾಭರಹಿತ ಸಂಸ್ಥೆಗಳಿಗೆ ರಿಯಾಯಿತಿ’ ಅನ್ನುವ ಒಂದು ಸಾಲು. ನಾನು ಅಂಗವೈಕಲ್ಯ ಇರುವವರ ಹಕ್ಕುಗಳಿಗಾಗಿ ಕೆಲಸ ಮಾಡುವ ಒಂದು ಪುಟ್ಟ ಸಂಸ್ಥೆಯಲ್ಲಿದ್ದೇನೆ. ಲೆಕ್ಕ ಬರೆಯುವವಳೂ ನಾನೇ, ಪತ್ರ ಬರೆಯುವವಳೂ ನಾನೇ. ಕಂಪ್ಯೂಟರ್ ಕೈಕೊಟ್ಟರೆ ಎಲ್ಲರೂ ತಿರುಗಿ ನೋಡುವುದು ನನ್ನ ಕಡೆಗೇ. ಸಾರ್ವಜನಿಕ ಗ್ರಂಥಾಲಯಗಳ ಬಾಗಿಲಿಗೆ ಗಾಲಿಕುರ್ಚಿ ಹತ್ತುವಂಥ ಇಳಿಜಾರು ಬೇಕು ಅನ್ನುವುದು ನಮ್ಮ ಅಭಿಯಾನ. ಅದಕ್ಕಾಗಿ ಇವುಗಳಲ್ಲಿ ಹಲವನ್ನು ಬಳಸಿ ನೋಡಿದ್ದೇವೆ. ಕೆಲವನ್ನು ಉಳಿಸಿಕೊಂಡಿದ್ದೇವೆ, ಕೆಲವಕ್ಕೆ ಕೈಮುಗಿದಿದ್ದೇವೆ.

ಹೊಸ ಟೂಲ್ ಸಿಕ್ಕ ಕೂಡಲೇ ಪುಟ ಎಷ್ಟು ಚೆಂದ ಕಾಣುತ್ತದೆ ಅಂತ ನಾನು ನೋಡುವುದಿಲ್ಲ. ನೇರ ಎಕ್ಸ್‌ಪೋರ್ಟ್ ಬಟನ್, ಅಂದರೆ ಮಾಹಿತಿಯನ್ನು ಹೊರತೆಗೆಯುವ ಬಟನ್ ಹುಡುಕುತ್ತೇನೆ. ಸಹಿ ಹಾಕಿದವರ ಹೆಸರು, ಮೇಲ್, ಫೋನ್, ಹಾಕಿದ ದಿನ, ಮುಂದೆ ಸಂದೇಶ ಕಳಿಸಲು ಅವರು ಒಪ್ಪಿದರೋ ಇಲ್ಲವೋ, ಇಷ್ಟೂ ಒಂದು ಸಿಎಸ್‌ವಿ ಫೈಲಾಗಿ (ಎಕ್ಸೆಲ್‌ನಂಥ ಯಾವುದರಲ್ಲೂ ತೆರೆಯಬಹುದಾದ ಸಾದಾ ಪಟ್ಟಿ) ಹೊರಗೆ ಬರಬೇಕು. ಬರದಿದ್ದರೆ ಅದು ಪುಕ್ಕಟೆಯಾಗಿದ್ದರೂ ನಮಗೆ ದುಬಾರಿಯೇ. ಯಾಕೆಂದರೆ ಒಂದು ಸಹಿಯಿಂದ ಇಳಿಜಾರು ಎದ್ದು ನಿಲ್ಲುವುದಿಲ್ಲ. ಸಹಿ ಹಾಕಿದವರನ್ನು ಮತ್ತೆ ಮಾತಾಡಿಸಬೇಕು. ‘ನಿಮ್ಮ ಹತ್ತಿರದ ಗ್ರಂಥಾಲಯದ ಮೆಟ್ಟಿಲಿನ ಫೋಟೋ ಕಳಿಸಿ’ ಅನ್ನಬೇಕು. ‘ಗುರುವಾರ ಸಭೆ ಇದೆ, ಬನ್ನಿ’ ಅನ್ನಬೇಕು. ಪಟ್ಟಿ ಬೇರೆಯವರ ಹತ್ತಿರ ಇದ್ದರೆ ಯಾರನ್ನು ಅಂತ ಕರೆಯೋಣ?

ಈ ಲೆಕ್ಕದಲ್ಲಿ ಚೇಂಜ್.ಆರ್ಗ್ ನಮ್ಮಂಥವರಿಗೆ ಅರ್ಧ ಮಾತ್ರ ದಕ್ಕುತ್ತದೆ. 2007ರಲ್ಲಿ ಶುರುವಾದದ್ದು, ಎಲ್ಲರಿಗೂ ಗೊತ್ತಿರುವ ಹೆಸರು. ಮನವಿ ತೆರೆಯುವುದು ಬಹಳ ಸುಲಭ, ಕಾಸೂ ಬೇಡ. ಪರಿಚಯವೇ ಇಲ್ಲದವರೂ ಬಂದು ಸಹಿ ಹಾಕುತ್ತಾರೆ, ಅದು ದೊಡ್ಡ ಲಾಭವೇ. ಆದರೆ ಮನವಿ ಶುರುಮಾಡಿದವರಿಗೆ ಸಹಿದಾರರ ಮೇಲ್ ವಿಳಾಸ ಸಿಗುವುದಿಲ್ಲ. ಏನಾದರೂ ಹೇಳಬೇಕೆಂದರೆ ಆ ತಾಣದ ಮೂಲಕವೇ ‘ಅಪ್‌ಡೇಟ್’ ಹಾಕಬೇಕು. ಇನ್ನೊಂದು ವಿಷಯ: ಸಹಿ ಹಾಕಿದ ಮೇಲೆ ‘ಸ್ವಲ್ಪ ಹಣ ಕೊಡಿ’ ಎಂದು ಕೇಳುವ ಪುಟ ಬರುತ್ತದೆ. ಆ ಹಣ ಹೋಗುವುದು ಮನವಿಯನ್ನು ಇನ್ನಷ್ಟು ಜನರಿಗೆ ತೋರಿಸುವುದಕ್ಕೆ, ಅಂದರೆ ತಾಣಕ್ಕೆ. ಮನವಿ ಬರೆದ ಸಂಸ್ಥೆಗೆ ಬರುವುದಿಲ್ಲ. ಕೊಟ್ಟವರು ‘ನಿಮಗೇ ಕೊಟ್ಟೆ’ ಅಂದುಕೊಂಡಿರುತ್ತಾರೆ. ಇದನ್ನು ನಾವು ಎಷ್ಟು ಜನರಿಗೆ ಬಿಡಿಸಿ ಹೇಳಿದ್ದೇವೋ ಲೆಕ್ಕವಿಲ್ಲ. ಸುದ್ದಿಯಾಗಬೇಕು, ಪತ್ರಿಕೆಯವರು ನೋಡಬೇಕು ಅಂದಾಗ ಅಲ್ಲಿ ಹಾಕಿ. ಸಂಘಟನೆ ಕಟ್ಟಬೇಕು ಅಂದಾಗ ಬೇಡ.

ಸರ್ಕಾರ ಅಥವಾ ಸಂಸತ್ತೇ ನಡೆಸುವ ಮನವಿ ತಾಣ ಇರುವ ಕಡೆ ಮಾತ್ರ ಲೆಕ್ಕ ಬೇರೆ. ಬ್ರಿಟನ್ನಿನ ಸಂಸತ್ತಿನ ತಾಣದಲ್ಲಿ 10,000 ಸಹಿ ಬಂದರೆ ಸರ್ಕಾರ ಉತ್ತರ ಕೊಡುತ್ತದೆ, 1,00,000 ದಾಟಿದರೆ ಚರ್ಚೆಗೆ ತೆಗೆದುಕೊಳ್ಳಬೇಕೋ ಎಂದು ಪರಿಶೀಲಿಸುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ ‘ನಾಗರಿಕರ ಉಪಕ್ರಮ’ಕ್ಕೆ, ಅಂದರೆ ಹೊಸ ಕಾನೂನು ತನ್ನಿ ಎಂದು ಜನರೇ ಕೇಳುವ ಮನವಿಗೆ, 10 ಲಕ್ಷ ಸಹಿ ಬೇಕು, ಜೊತೆಗೆ ಕನಿಷ್ಠ 7 ದೇಶಗಳಲ್ಲಿ ನಿಗದಿತ ಸಂಖ್ಯೆ ಮುಟ್ಟಬೇಕು. ಇಂಥ ಕಡೆ ಬೇರೆ ಟೂಲ್‌ನಲ್ಲಿ ಎಷ್ಟು ಸಹಿ ಕೂಡಿಸಿದರೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಸಹಿ ಅಲ್ಲೇ ಹಾಕಿಸಿ. ಬೆಂಬಲಿಗರ ಪಟ್ಟಿಗೆ ನಿಮ್ಮದೇ ಒಂದು ಫಾರ್ಮ್ ಪಕ್ಕದಲ್ಲಿ ಇಟ್ಟುಕೊಳ್ಳಿ.

ಆ್ಯಕ್ಷನ್ ನೆಟ್‌ವರ್ಕ್ ನನಗೆ ಇಷ್ಟವಾದ ಟೂಲ್. ಅದನ್ನು ನಡೆಸುವವರೂ ಒಂದು ಲಾಭರಹಿತ ಸಂಸ್ಥೆಯೇ. ಪ್ರಗತಿಪರ ಚಳವಳಿಗಳಿಗೆಂದೇ ಮಾಡಿದ್ದು ಎಂದು ಅವರೇ ಹೇಳಿಕೊಳ್ಳುತ್ತಾರೆ, ಹಾಗಾಗಿ ಎಲ್ಲ ಸಂಸ್ಥೆಗಳಿಗೂ ಬಾಗಿಲು ತೆರೆದಿಲ್ಲ. ಮನವಿ, ಪತ್ರ, ಸಭೆ, ದೇಣಿಗೆ, ಮೇಲ್, ಎಲ್ಲ ಒಂದೇ ಕಡೆ. ಅದರಲ್ಲಿ ‘ಲ್ಯಾಡರ್’ ಅಂತ ಒಂದಿದೆ: ಒಬ್ಬರು ಸಹಿ ಹಾಕಿದರೆ ಎರಡು ದಿನ ಬಿಟ್ಟು ಒಂದು ಮೇಲ್, ಅದನ್ನು ತೆರೆದು ಕ್ಲಿಕ್ ಮಾಡಿದವರಿಗೆ ಇನ್ನೊಂದು, ಮಾಡದವರಿಗೆ ಬೇರೊಂದು. ಹೀಗೆ ಮೊದಲೇ ಜೋಡಿಸಿಟ್ಟರೆ ತಾನಾಗಿ ನಡೆಯುತ್ತದೆ. ಕೆಲಸಕ್ಕೆ ಜನ ಕಡಿಮೆ ಇರುವ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಪಟ್ಟಿ ಹೊರತೆಗೆಯಲು ಅಡ್ಡಿಯಿಲ್ಲ. ಕೊರತೆ ಅಂದರೆ, ‘ನಿಮ್ಮ ಪ್ರತಿನಿಧಿಗೆ ಪತ್ರ ಬರೆಯಿರಿ’ ಅನ್ನುವ ಭಾಗ ಅಮೆರಿಕದ ಜನಪ್ರತಿನಿಧಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದು. ನಮ್ಮಂಥವರು ಯಾರಿಗೆ ಪತ್ರ ಹೋಗಬೇಕೋ ಅವರ ವಿಳಾಸಗಳನ್ನು ತಾವೇ ತುಂಬಬೇಕು.

ನಾವು ಕೊನೆಗೆ ನೆಲೆ ನಿಂತದ್ದು ಸಿವಿಸಿಆರ್‌ಎಂನಲ್ಲಿ, ಬೆಂಬಲಿಗರ ದಾಖಲೆ ಇಟ್ಟುಕೊಳ್ಳುವ ತಂತ್ರಾಂಶ ಅದು. 2005ರಿಂದ ಇದೆ, ಮುಕ್ತ ತಂತ್ರಾಂಶ, ಲೈಸೆನ್ಸ್ ಶುಲ್ಕ ಇಲ್ಲ. ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾದಂಥ ವೆಬ್‌ಸೈಟ್ ಕಟ್ಟುವ ತಂತ್ರಾಂಶಗಳ ಒಳಗೆ ಕೂರುತ್ತದೆ. ಸಂಸ್ಥೆಗಳಿಗೆಂದೇ ಬರೆದದ್ದು ಅನ್ನುವುದು ಮೊದಲ ದಿನವೇ ಗೊತ್ತಾಗುತ್ತದೆ. ಒಬ್ಬ ವ್ಯಕ್ತಿಯ ಹೆಸರು ತೆರೆದರೆ ಅವರು ಯಾವಾಗ ಸಹಿ ಹಾಕಿದರು, ಯಾವ ಸಭೆಗೆ ಬಂದರು, ಎಷ್ಟು ದೇಣಿಗೆ ಕೊಟ್ಟರು, ಯಾವ ಮೇಲ್ ವಾಪಸ್ ಬಂತು, ಎಲ್ಲ ಒಂದೇ ಪುಟದಲ್ಲಿ. ದೇಣಿಗೆ ಒಂದು ಎಕ್ಸೆಲ್‌ನಲ್ಲಿ, ಸಹಿ ಇನ್ನೊಂದರಲ್ಲಿ, ಸಭೆಯ ಹಾಜರಿ ಯಾರದೋ ನೋಟ್‌ಬುಕ್‌ನಲ್ಲಿ ಇಟ್ಟುಕೊಂಡು ಒದ್ದಾಡಿದವರಿಗೆ ಇದು ಎಂಥ ನೆಮ್ಮದಿ ಅಂತ ಬೇರೆ ಹೇಳಬೇಕಾ?

ಆದರೆ ಪುಕ್ಕಟೆ ಅಂತ ಕೇಳಿ ಕಣ್ಣರಳಿಸಬೇಡಿ. ಸರ್ವರ್ ಬೇಕು, ಅದಕ್ಕೆ ತಿಂಗಳ ಬಾಡಿಗೆ. ಪ್ರತಿ ತಿಂಗಳೂ ಹೊಸ ಆವೃತ್ತಿ ಬರುತ್ತದೆ, ಭದ್ರತೆಯ ತೇಪೆಗಳನ್ನು ಬಿಡುವ ಹಾಗಿಲ್ಲ. ಮನವಿಯ ಫಾರ್ಮ್ ಮಾಡಲು ಮೊದಲು ‘ಸಿವಿಕ್ಯಾಂಪೇನ್’ ಅನ್ನುವ ಭಾಗವನ್ನು ಚಾಲೂ ಮಾಡಬೇಕು, ಆಮೇಲೆ ‘ಪ್ರೊಫೈಲ್’ ಅನ್ನುವುದನ್ನು ಕಟ್ಟಬೇಕು, ಆಮೇಲೆ ಅದನ್ನು ಮನವಿಗೆ ಜೋಡಿಸಬೇಕು. ಹೊಸಬರಿಗೆ ಇದು ತಲೆಬುಡ ತಿಳಿಯುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಕ್ರಾನ್ ಎಂಬಲ್ಲಿ. ನೀವು ‘ಕಳಿಸು’ ಒತ್ತಿದ ಮಾತ್ರಕ್ಕೆ ಮೇಲ್ ಹೊರಡುವುದಿಲ್ಲ, ಸುಮ್ನೆ ಸರದಿಯಲ್ಲಿ ಕೂತಿರುತ್ತದೆ. ಸರ್ವರ್‌ನಲ್ಲಿ ಕೆಲವು ನಿಮಿಷಕ್ಕೊಮ್ಮೆ ಒಂದು ಕೆಲಸ ಎಚ್ಚರವಾಗಿ ಆ ಸರದಿಯನ್ನು ಖಾಲಿ ಮಾಡಬೇಕು. ಅದನ್ನು ಹೊಂದಿಸಿಲ್ಲದಿದ್ದರೆ ಪರದೆಯ ಮೇಲೆ ಎಲ್ಲ ಸರಿಯಾಗೇ ಕಾಣುತ್ತದೆ, ಮೇಲ್ ಮಾತ್ರ ಯಾರಿಗೂ ಹೋಗಿರುವುದಿಲ್ಲ. ವಾಪಸ್ ಬಂದ ಮೇಲ್‌ಗಳನ್ನು ಓದುವುದಕ್ಕೂ ಹೀಗೆಯೇ ಒಂದು ಪ್ರತ್ಯೇಕ ಅಂಚೆಪೆಟ್ಟಿಗೆ, ಇನ್ನೊಂದು ಕೆಲಸ. ತಾಂತ್ರಿಕವಾಗಿ ಕೈಪಳಗಿದ ಒಬ್ಬರು ಸಂಸ್ಥೆಯ ಆಸುಪಾಸಿನಲ್ಲಿ ಇಲ್ಲದಿದ್ದರೆ, ಸಿವಿಸಿಆರ್‌ಎಂ ತಂಡದವರೇ ನಡೆಸುವ ‘ಸ್ಪಾರ್ಕ್’ ಎಂಬ ಹೋಸ್ಟಿಂಗ್ ಸೇವೆ ತೆಗೆದುಕೊಳ್ಳುವುದು ಮೇಲು. ಆಮೇಲೆ ಸ್ವಂತ ಸರ್ವರ್‌ಗೆ ಹೋಗಬೇಕು ಅನಿಸಿದರೂ ಪಟ್ಟಿ ನಿಮ್ಮ ಜೊತೆ ಬರುತ್ತದೆ.

ಸಿವಿಸಿಆರ್‌ಎಂನ ಮನವಿಯಲ್ಲಿ ಸಹಿ ಹಾಕಿದವರಿಗೆ ಒಂದು ಖಚಿತಪಡಿಸುವ ಮೇಲ್ ಹೋಗುತ್ತದೆ. ಅದರಲ್ಲಿರುವ ಕೊಂಡಿ ಒತ್ತಿದ ಮೇಲೆಯೇ ಸಹಿ ಪಕ್ಕಾ. ಎಷ್ಟೋ ಜನ ಒತ್ತುವುದಿಲ್ಲ, ಸಂಖ್ಯೆ ಇಳಿಯುತ್ತದೆ, ನಮ್ಮ ಅಧ್ಯಕ್ಷರ ಮುಖವೂ ಇಳಿಯುತ್ತದೆ. ಆದರೂ ನನಗೆ ಇದೇ ಸರಿ ಅನಿಸುತ್ತದೆ. ‘ಈ ಸಹಿಗಳಲ್ಲಿ ಅರ್ಧ ಸುಳ್ಳು’ ಅಂತ ಎದುರಿನವರು ಅಂದಾಗ ಬಾಯಿ ಮುಚ್ಚಿಕೊಂಡು ಕೂರಬೇಕಾಗುವುದಿಲ್ಲ.

ಈಗ ನಮ್ಮಲ್ಲಿ ಟೂಲ್ ಆರಿಸುವ ಮೊದಲು ಕಡ್ಡಾಯವಾಗಿ ನಡೆಯುವ ಪರೀಕ್ಷೆಯ ಬಗ್ಗೆ. ನಮ್ಮ ಸಹೋದ್ಯೋಗಿಯೊಬ್ಬರಿಗೆ ಕಣ್ಣು ಕಾಣುವುದಿಲ್ಲ. ಅವರು ಎನ್‌ವಿಡಿಎ ಅನ್ನುವ ಉಚಿತ ಸ್ಕ್ರೀನ್ ರೀಡರ್ ಬಳಸುತ್ತಾರೆ, ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ. ಯಾವ ಮನವಿ ಪುಟವಾದರೂ ಮೊದಲು ಅವರು ಟ್ಯಾಬ್ ಕೀ ಒತ್ತುತ್ತಾ ಸಹಿ ಹಾಕಿ ನೋಡಬೇಕು. ಒಂದು ಸೇವೆಯ ಫಾರ್ಮ್‌ನಲ್ಲಿ ಟ್ಯಾಬ್ ಒತ್ತಿದರೆ ‘ಎಡಿಟ್, ಬ್ಲ್ಯಾಂಕ್’ ಅಂತು. ಮತ್ತೆ ಒತ್ತಿದರೆ ಮತ್ತೆ ‘ಎಡಿಟ್, ಬ್ಲ್ಯಾಂಕ್’. ಯಾವುದು ಹೆಸರು, ಯಾವುದು ಮೇಲ್, ಯಾವುದು ಪಿನ್‌ಕೋಡ್? ಕಣ್ಣಿಗೆ ನೋಡಿದರೆ ಪಕ್ಕದಲ್ಲೇ ‘ಹೆಸರು’ ಎಂದು ದಪ್ಪಗೆ ಬರೆದಿದೆ. ಆದರೆ ಆ ಬರಹಕ್ಕೂ ಚೌಕಕ್ಕೂ ಕೋಡ್‌ನ ಒಳಗೆ ನಂಟೇ ಇರಲಿಲ್ಲ. ಕೊನೆಗೆ ಹೇಗೋ ಊಹೆ ಮಾಡಿ ತುಂಬಿದರು. ಆಗ ಬಂತು ನೋಡಿ, ‘ಟ್ರಾಫಿಕ್ ಲೈಟ್ ಇರುವ ಚಿತ್ರಗಳನ್ನು ಆರಿಸಿ’! ಅವರು ನಕ್ಕುಬಿಟ್ಟರು. ‘ನಮ್ಮ ಹಕ್ಕಿನ ಮನವಿಗೆ ನಾನೇ ಸಹಿ ಹಾಕೋ ಹಾಗಿಲ್ಲ ಅಂತಾಯ್ತು ಮೇಡಂ’ ಅಂದರು.

ಆ ಸೇವೆಯವರಿಗೆ ಬರೆದೆವು. ‘ನಿಮ್ಮ ಸಲಹೆಯನ್ನು ತಂಡಕ್ಕೆ ತಲುಪಿಸಿದ್ದೇವೆ’ ಅನ್ನುವ ಸಿದ್ಧ ಉತ್ತರ ಬಂತು. ಬಿಟ್ಟೆವು. ಈಗ ನಮ್ಮ ಫಾರ್ಮ್‌ನಲ್ಲಿ ಚಿತ್ರದ ಒಗಟೇ ಇಲ್ಲ. ಅದರ ಬದಲು ಕಣ್ಣಿಗೆ ಕಾಣದ ಒಂದು ಖಾಲಿ ಚೌಕ ಇದೆ. ಮನುಷ್ಯರು ಅದನ್ನು ತುಂಬುವುದಿಲ್ಲ, ಸ್ಪ್ಯಾಮ್ ಬಾಟ್‌ಗಳು (ಕಸ ತುಂಬಲು ತಾನಾಗಿ ಓಡುವ ಪ್ರೋಗ್ರಾಂಗಳು) ಸಿಕ್ಕಿದ ಚೌಕಗಳನ್ನೆಲ್ಲ ತುಂಬಿ ಸಿಕ್ಕಿಬೀಳುತ್ತವೆ. ಒಂದೇ ಎಚ್ಚರ, ಆ ಚೌಕವನ್ನು ಸ್ಕ್ರೀನ್ ರೀಡರ್‌ಗೂ ಕಾಣದ ಹಾಗೆ ಗುರುತು ಮಾಡಬೇಕು. ಇಲ್ಲದಿದ್ದರೆ ಅದು ಓದಿ ಹೇಳುತ್ತದೆ, ಪಾಪ, ಕಣ್ಣಿಲ್ಲದವರು ನಿಷ್ಠೆಯಿಂದ ತುಂಬಿ ಬಾಟ್‌ಗಳ ಸಾಲಿಗೆ ಸೇರುತ್ತಾರೆ. ನಿಮ್ಮ ಸಂಸ್ಥೆಯ ಕೆಲಸ ಅಂಗವೈಕಲ್ಯಕ್ಕೆ ಸಂಬಂಧಿಸಿದ್ದು ಅಲ್ಲದಿದ್ದರೂ ಮೌಸ್ ಪಕ್ಕಕ್ಕಿಟ್ಟು ಒಮ್ಮೆ ಟ್ಯಾಬ್ ಕೀಯಿಂದಲೇ ಸಹಿ ಹಾಕಿ ನೋಡಿ. ದುಡ್ಡು ಖರ್ಚಿಲ್ಲದ ಪರೀಕ್ಷೆ ಇದು.

ಪತ್ರ ಬರೆಸುವ ಟೂಲ್‌ಗಳ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಒಂದೇ ಒಕ್ಕಣೆ, ಒಂದೇ ಸರ್ವರ್‌ನಿಂದ ಸಾವಿರ ಸಲ ಹೋದರೆ ಆಚೆ ಕಡೆ ಕೂತ ಗುಮಾಸ್ತರು ಒಂದು ಫಿಲ್ಟರ್ ಹಾಕಿ ಎಲ್ಲವನ್ನೂ ಒಂದು ಮೂಲೆಗೆ ತಳ್ಳುತ್ತಾರೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಇದಕ್ಕೆ ಕಾಸಿಲ್ಲದ ಇನ್ನೊಂದು ದಾರಿ ಇದೆ, ‘ಮೇಲ್‌ಟು’ ಕೊಂಡಿ. ಒತ್ತಿದರೆ ಬೆಂಬಲಿಗರ ಸ್ವಂತ ಮೇಲ್ ಆ್ಯಪ್ ತೆರೆದುಕೊಳ್ಳುತ್ತದೆ, ಅವರದೇ ವಿಳಾಸದಿಂದ ಹೋಗುತ್ತದೆ, ನಾಲ್ಕು ಸಾಲು ತಮ್ಮದೇ ಮಾತು ಸೇರಿಸಲೂ ಬಹುದು. ಎಷ್ಟು ಜನ ಕಳಿಸಿದರು ಎಂಬ ಲೆಕ್ಕ ಮಾತ್ರ ನಮಗೆ ಸಿಗುವುದಿಲ್ಲ. ಕನ್ನಡಕ್ಕೆ ಇನ್ನೊಂದು ತೊಡಕಿದೆ. ಕೊಂಡಿಯೊಳಗೆ ಪತ್ರವನ್ನು ತುಂಬಿಸುವಾಗ ಕನ್ನಡದ ಒಂದೊಂದು ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ಕೆಲವು ಹಳೆಯ ಆ್ಯಪ್‌ಗಳು ಸುಮಾರು 2,000 ಚಿಹ್ನೆಗಳಾದ ಮೇಲೆ ಕೊಂಡಿಯನ್ನು ಕತ್ತರಿಸಿಬಿಡುತ್ತವೆ. ಅಂದರೆ ‘ಮಾನ್ಯರೇ’ ಎಂದು ಶುರುಮಾಡಿ ಎರಡು ಮೂರು ವಾಕ್ಯ ಬರೆಯುವಷ್ಟರಲ್ಲಿ ಜಾಗ ಖಾಲಿ. ಹಾಗಾಗಿ ನಾವು ಕೊಂಡಿಯಲ್ಲಿ ವಿಷಯದ ಸಾಲು ಮತ್ತು ಒಂದು ವಾಕ್ಯ ಮಾತ್ರ ಇಡುತ್ತೇವೆ, ಉಳಿದದ್ದನ್ನು ನೀವೇ ಬರೆಯಿರಿ ಅನ್ನುತ್ತೇವೆ. ಬರುವ ಪತ್ರ ಕಡಿಮೆ, ಆದರೆ ಬಂದವು ಓದುವ ಹಾಗಿರುತ್ತವೆ.

ಮೇಲ್ ಕಳಿಸುವ ಸೇವೆಗಳಲ್ಲಿ ನೋಡಬೇಕಾದ್ದು ದರ ಹೇಗೆ ಎಣಿಸುತ್ತಾರೆ ಅನ್ನುವುದು. ಪಟ್ಟಿಯಲ್ಲಿರುವ ತಲೆ ಎಣಿಸುತ್ತಾರೋ, ಕಳಿಸಿದ ಮೇಲ್ ಎಣಿಸುತ್ತಾರೋ? ಅಭಿಯಾನದ ಸಂಸ್ಥೆಗಳು ಒಂದು ತಿಂಗಳು ಭರಾಟೆಯಲ್ಲಿ ಕಳಿಸಿ ಮೂರು ತಿಂಗಳು ಸುಮ್ಮನಿರುತ್ತವೆ, ಆದ್ದರಿಂದ ತಲೆ ಎಣಿಸುವ ಲೆಕ್ಕ ನಮಗೆ ಯಾವತ್ತೂ ನಷ್ಟ. ನಾವು ಬಳಸುತ್ತಿದ್ದ ಒಂದು ಸೇವೆಯವರು ‘ಇನ್ನು ಮೇಲ್ ಬೇಡ’ ಎಂದು ಹೊರಟುಹೋದವರನ್ನೂ ತಲೆಲೆಕ್ಕಕ್ಕೆ ಸೇರಿಸುತ್ತಿದ್ದರು! ಮೇಲ್ ಕಳಿಸುವ ಹಾಗಿಲ್ಲ, ದುಡ್ಡು ಮಾತ್ರ ಕಟ್ಟಬೇಕು. ಮೊದಲ ವರ್ಷದ ರಿಯಾಯಿತಿ ಎರಡನೇ ವರ್ಷಕ್ಕೆ ಇರಲಿಲ್ಲ, ಅದು ಬೇರೆ ಕಥೆ. ಕೈಯಲ್ಲಿ ತಂತ್ರಜ್ಞರಿದ್ದರೆ ಪಟ್ಟಿಗೆ ಮೇಲ್ ಕಳಿಸುವ ಲಿಸ್ಟ್‌ಮಂಕ್ ನೋಡಿ. ಮುಕ್ತ ತಂತ್ರಾಂಶ, ಒಂದೇ ಫೈಲಿನ ಪ್ರೋಗ್ರಾಂ ಮತ್ತು ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಅಷ್ಟೇ. ಮನವಿ, ದೇಣಿಗೆ ಏನೂ ಇಲ್ಲ, ಮೇಲ್ ಪಟ್ಟಿಯ ಕೆಲಸ ಮಾತ್ರ, ಅದನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಮೇಲ್ ಹೊರಡಿಸಲು ಬೇರೊಂದು ಎಸ್‌ಎಂಟಿಪಿ ಸೇವೆ (ಮೇಲ್‌ಗಳನ್ನು ಸಾಗಿಸುವ ಸರ್ವರ್) ಬೇಕೇಬೇಕು.

ಯಾವುದನ್ನು ಆರಿಸಿದರೂ ಸ್ವಂತ ಡೊಮೈನ್ ಹೆಸರು ಇಲ್ಲದೆ ಹೆಜ್ಜೆ ಇಡಬೇಡಿ. 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಬಿಗಿಯಾಗಿದೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ (ಮೇಲ್ ನಿಜಕ್ಕೂ ನಿಮ್ಮ ಡೊಮೈನ್‌ನಿಂದಲೇ ಬಂತು ಎಂದು ತೋರಿಸಲು ಡೊಮೈನ್‌ನಲ್ಲಿ ಹೊಂದಿಸುವ ಗುರುತುಗಳು) ಮೂರೂ ಇರಬೇಕು, ಒಂದೇ ಕ್ಲಿಕ್‌ನಲ್ಲಿ ಪಟ್ಟಿಯಿಂದ ಹೊರಹೋಗುವ ಅನುಕೂಲವೂ ಇರಬೇಕು. ನಾವು ಅಷ್ಟು ಕಳಿಸುವುದಿಲ್ಲವಲ್ಲ ಅಂದುಕೊಳ್ಳಬೇಡಿ. ಕಡಿಮೆ ಕಳಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಬೇಕು, ಜನ ‘ಸ್ಪ್ಯಾಮ್’ ಎಂದು ಒತ್ತುವ ಪ್ರಮಾಣ ಶೇ 0.3ಕ್ಕಿಂತ ಕೆಳಗೇ ಇರಬೇಕು. ಸಾವಿರ ಮೇಲ್‌ನಲ್ಲಿ ಮೂವರು ಸಿಟ್ಟಾದರೆ ಸಾಕು. ಸಂಸ್ಥೆಯ ಉಚಿತ ಜಿಮೇಲ್ ವಿಳಾಸವನ್ನೇ ‘ಕಳಿಸಿದವರು’ ಎಂದು ಹಾಕಿ ಬೇರೆ ಸೇವೆಯಿಂದ ಕಳಿಸುವ ಹಳೆಯ ಅಭ್ಯಾಸ ಇನ್ನು ನಡೆಯುವುದಿಲ್ಲ. ಇದನ್ನು ಬಿಡಿಸಿ ಹೇಳುವ ಸೇವೆ ಒಳ್ಳೆಯ ಸೇವೆ. ಹೇಳದೆ ನಿಮ್ಮ ಮೇಲ್‌ಗಳನ್ನು ಸ್ಪ್ಯಾಮ್ ಪೆಟ್ಟಿಗೆಗೆ ಸುರಿಯುವವರೂ ಇದ್ದಾರೆ.

ಗೂಗಲ್ ಫಾರ್ ನಾನ್‌ಪ್ರಾಫಿಟ್ಸ್, ಪೋಸ್ಟರ್ ಮಾಡುವ ಕ್ಯಾನ್ವಾದ ಉಚಿತ ಯೋಜನೆ ಇವೆಲ್ಲ ನೋಂದಾಯಿಸಿದ ಸಂಸ್ಥೆಗಳಿಗೆ ಸಿಗುತ್ತವೆ, ತೆಗೆದುಕೊಳ್ಳಿ. ಗೂಗಲ್‌ನ ಜಾಹೀರಾತು ನೆರವು ತಿಂಗಳಿಗೆ 10,000 ಡಾಲರ್‌ವರೆಗೆ ಅಂತ ಕೇಳಿ ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅಂತ ಮುಗಿಬೀಳುವವರಿಗೆ ಒಂದು ಮಾತು: ಅದು ಕೈಗೆ ಬರುವ ಹಣವಲ್ಲ, ಹುಡುಕಾಟದ ಫಲಿತಾಂಶದ ಜೊತೆ ಬರುವ ಜಾಹೀರಾತಿನ ಜಾಗ. ನೋಡಿದವರಲ್ಲಿ ಶೇ 5ರಷ್ಟಾದರೂ ಕ್ಲಿಕ್ ಮಾಡಬೇಕು ಅನ್ನುವ ಷರತ್ತೂ ಇದೆ. ಅದನ್ನು ಕಾಯ್ದುಕೊಳ್ಳುವುದೇ ಒಬ್ಬರಿಗೆ ಕೆಲಸ.

ಇನ್ನು ಎಲ್ಲರ ಕೈಯಲ್ಲೂ ಇರುವ ವಾಟ್ಸ್‌ಆ್ಯಪ್. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಮಿತಿ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಗುಂಪಿಗೆ 1,024 ಜನ ಸೇರಬಹುದು, ಆದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ನಮ್ಮ ಸದಸ್ಯೆಯರಲ್ಲಿ ಹಲವರಿಗೆ ಅದು ಇಷ್ಟವಿಲ್ಲ, ಸರಿಯಾಗೇ ಇದೆ. ತುರ್ತಾಗಿ ಸುದ್ದಿ ಮುಟ್ಟಿಸಲು ಚೆನ್ನು. ಯಾರು ಬಂದರು, ಯಾರು ಸಹಿ ಹಾಕಿದರು ಎಂಬ ನೆನಪು ಮಾತ್ರ ಅದಕ್ಕಿಲ್ಲ.

ನೆಟ್ ಇಲ್ಲದ ಕಡೆ ಸಹಿ ಕೂಡಿಸಲು ನಾವು ನೆಚ್ಚಿಕೊಂಡದ್ದು ಕೋಬೊ ಟೂಲ್‌ಬಾಕ್ಸ್. ಪರಿಹಾರ ಕೆಲಸದವರು, ಸಮೀಕ್ಷೆಯವರು ಬಳಸುವಂಥದ್ದು. ಫೋನ್‌ನಲ್ಲಿ ಫಾರ್ಮ್ ಇಳಿಸಿಕೊಂಡರೆ ಸಿಗ್ನಲ್ ಇಲ್ಲದಿದ್ದರೂ ತುಂಬಬಹುದು, ಬೆರಳಿನಿಂದ ಸಹಿಯನ್ನೂ ಹಾಕಿಸಬಹುದು, ನೆಟ್ ಸಿಕ್ಕಾಗ ಮೇಲೆ ಹೋಗುತ್ತದೆ. ಪ್ರಶ್ನೆಗಳನ್ನು ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಇಡಬಹುದು. ಅಲ್ಲಿಂದ ಸಿಎಸ್‌ವಿ ತೆಗೆದು ಸಿವಿಸಿಆರ್‌ಎಂಗೆ ಹಾಕುತ್ತೇವೆ. ಆ ಫೈಲನ್ನು ಎಕ್ಸೆಲ್‌ನಲ್ಲಿ ನೇರ ತೆರೆದು ಕನ್ನಡದ ಹೆಸರೆಲ್ಲ ಚಿತ್ರವಿಚಿತ್ರ ಗುರುತುಗಳಾಗಿ ಕಂಡರೆ ಗಾಬರಿಯಾಗಬೇಡಿ, ಹಾಗೇ ಸೇವ್ ಮಾಡಲೂ ಬೇಡಿ. ಲಿಬ್ರೆ ಆಫೀಸ್‌ನಲ್ಲಿ ತೆರೆಯಿರಿ. ಯಾವ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಯಾವ ಕ್ರಮದಲ್ಲಿ ಉಳಿಸಿದೆ ಎಂದು ಅದು ಕೇಳುತ್ತದೆ, ಯುಟಿಎಫ್-8 ಅನ್ನಿ, ಹೆಸರುಗಳು ಸರಿಹೋಗುತ್ತವೆ.

ಇಷ್ಟೆಲ್ಲ ಆದ ಮೇಲೂ ಒಂದು ಕಡೆ ನನ್ನ ಗೊಣಗಾಟ ನಿಂತಿಲ್ಲ. ಈ ಟೂಲ್‌ಗಳಲ್ಲಿ ಹೆಚ್ಚಿನವು ಮನುಷ್ಯರನ್ನು ಗುರುತಿಸುವುದು ಮೇಲ್ ವಿಳಾಸದಿಂದ. ನಮ್ಮ ಬೆಂಬಲಿಗರಲ್ಲಿ ಬಹಳ ಜನರ ಹತ್ತಿರ ಇರುವುದು ಫೋನ್ ನಂಬರ್ ಮಾತ್ರ. ಸಿವಿಸಿಆರ್‌ಎಂನಲ್ಲಿ ಫೋನ್ ನಂಬರ್ ನೋಡಿ ಎರಡೆರಡು ಸಲ ಬಂದ ಹೆಸರುಗಳನ್ನು ಒಂದುಗೂಡಿಸುವ ನಿಯಮ ಬರೆಯಬಹುದು, ಅದು ನಮ್ಮನ್ನು ಉಳಿಸಿದೆ. ಆದರೆ ಅವರಿಗೆ ಸುದ್ದಿ ಕಳಿಸಲು ಎಸ್‌ಎಂಎಸ್ಸೇ ಗತಿ. ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಿ 70. ಆ 70 ಕೂಡ ನಾವು ಎಣಿಸುವ ಅಕ್ಷರವಲ್ಲ. ‘ಗ್ರಂಥಾಲಯ’ ಅಂದರೆ ಕಣ್ಣಿಗೆ ನಾಲ್ಕೇ ಅಕ್ಷರ, ಎಸ್‌ಎಂಎಸ್ ಲೆಕ್ಕದಲ್ಲಿ ಎಂಟು: ಒತ್ತು, ದೀರ್ಘ, ಸೊನ್ನೆ ಎಲ್ಲಕ್ಕೂ ಬೇರೆ ಬೇರೆ ಜಾಗ. ಸಭೆಯ ದಿನ, ಹೊತ್ತು, ಸ್ಥಳ, ಸಂಸ್ಥೆಯ ಹೆಸರು ಬರೆಯುವಷ್ಟರಲ್ಲಿ ಒಂದು ಸಂದೇಶ ಎರಡಾಗಿ, ಮೂರಾಗಿ ಒಡೆಯುತ್ತದೆ, ಬಿಲ್ಲೂ ಹಾಗೇ ಬೆಳೆಯುತ್ತದೆ. ನಾನು ಈಗ ಸಂದೇಶ ಬರೆಯುವಾಗ ‘ಗ್ರಂಥಾಲಯ’ದ ಬದಲು ‘ಲೈಬ್ರರಿ’ ಅನ್ನುವ ಹಾಗೂ ಇಲ್ಲ, ಅದೂ ಏಳು ತಿನ್ನುತ್ತದೆ, ಉಳಿಯುವುದು ಒಂದೇ ಒಂದು.